ಬೆಂಗ್ರೆಯಲ್ಲಿ ವ್ಯಾಪಾರ

ಪ್ರೀಮಾ ಮೆಕ್ಯಾನಿಕಲ್ಲು; ಮೂಲೆಗಳನ್ನೆಲ್ಲ ಉಜ್ಜಿ ಉರುಟು ಮಾಡಿದಳು.
ನಫೀಸಾ ನರ್ಸಿಂಗು; ಒಂದೊಂದು ಮೀನನ್ನೂ
ಕೊಳವೆಯೊಳಗೆ ಇಳಿಬಿಟ್ಟು,
ಇಲ್ಲಿ ಇಳಿದದ್ದು ಗಂಟಲಿಗೂ ಇಳಿದೀತೆಂದು
ಕರುಣೆಯಿಲ್ಲದೆ ಎಸೆದಳು.
ನೀಲಿಯ ವಿಷಯಕ್ಕೆ ಚಿತ್ರಕಲೆಯ ಲಿಖಿತ್
ಎರಡು ದಿನ ಮಾತು ಬಿಟ್ಟ.
ನಾನು ಮನಃಶಾಸ್ತ್ರ,
ಆಕಾರ, ಬಣ್ಣ, ಹೊಂದಾಣಿಕೆ ಎಂದು ಪಟ್ಟಿ ಹಿಡಿದು ಕೂತವಳು.

ಹೊಳೆ ದಾಟುವ ದೋಣಿಯಲ್ಲಿ ಪೆಟ್ಟಿಗೆ ತೊಡೆಯ ಮೇಲೆ,
ಮೂರು ತಿಂಗಳ ಜಗಳ ಅದರೊಳಗೆ.

ಅಂಗನವಾಡಿಯ ಹೃದ್ವಿಗೆ ಎರಡೂವರೆ.
ಮೀನು ತೂರಿಸಲು ಕೊರೆದ ತೂತುಗಳನ್ನು
ಅವಳು ನೋಡಲೇ ಇಲ್ಲ.
ಮುಚ್ಚಳ ಮಗುಚಿ, ಅದರಲ್ಲಿ ಐದು ಮರದ ಮೀನು,
ತಲೆ ಎಲ್ಲ ಒಂದೇ ಕಡೆಗೆ.
ಒಂದನ್ನೆತ್ತಿ ಮೂಸಿದಳು, ಮುಖ ಸಿಂಡರಿಸಿದಳು,
ಆದರೂ ಲೋಟದ ನೀರು ಚಿಮುಕಿಸಿ
ಕುಕ್ಕರುಗಾಲಲ್ಲಿ ಕೂತು ಕೂಗಿದಳು:
"ಐನ್ ಮೀನ್! ನೂದು!"

ಬಣ್ಣ ಬಿಟ್ಟರೆ ಎಂದು ಲಿಖಿತನ ಉಸಿರು ನಿಂತಿತ್ತು.
ಪಟ್ಟಿಯಲ್ಲಿ ಇದಕ್ಕೆ ಕಲಮು ಇರಲಿಲ್ಲ.
ಆರು ಕೊಡ್ತೀಯಾ, ನಫೀಸಾ ಚೌಕಾಸಿಗಿಳಿದಳು.
ಹೃದ್ವಿ ಆಚೆ ತಿರುಗಿದಳು,
ಬೇರೆ ಗಿರಾಕಿ ಬರುತ್ತಿರುವ ಹಾಗೆ.

ಕೊನೆಗೆ ನಾವೇ ಸೋತೆವು. ಅವಳು ಅಂಗೈ ಚಾಚಿದಳು.
ನಾಲ್ವರ ಕೈಯಲ್ಲೂ ಫೋನು;
ನೂರರ ಒಂದು ನೋಟಿಲ್ಲ.