ನೂರಾದ ಮೇಲೆ

ಕೋಲಾರದ ಮಂಡಿ ಹಿಂದೆ, ಕೊಳೆತ ಟೊಮೆಟೊ ಪಕ್ಕ
ಖಾಲಿ ಕ್ರೇಟುಗಳ ನಡುವೆ ಮಲಗೆದ್ದು
ನಾರೆಪ್ಪ ವೈರು ಸುಡುತ್ತಿದ್ದ.
ಹೊಗೆ ಕಳೆದರೆ ತಾಮ್ರ ಕೆಂಪಗೆ ಕಣ್ಣು ಬಿಡುವುದು.
ಗುಜರಿಯವನ ತಕ್ಕಡಿ ಹೇಳಿದ್ದೇ ತೂಕ,
ಕೊಟ್ಟಷ್ಟೇ ಲೆಕ್ಕ.

ಈಗ ನಮ್ಮ ಶೆಡ್ಡಿನಲ್ಲಿ
ಅದೇ ತಾಮ್ರವನ್ನು ಮೋಟಾರಿಗೆ ಸುತ್ತುತ್ತಾನೆ.
ಬೆಳಿಗ್ಗೆ ಅಕ್ಷರ, ಊಟವಾದ ಮೇಲೆ ವೈಂಡಿಂಗು.
ಸ್ಲೇಟಿನಲ್ಲಿ ನಿಲ್ಲದ ಎಪ್ಪತ್ತೆರಡು
ಬೆರಳಿನಲ್ಲಿ ನಿಂತಿತು.
ಸುತ್ತು ತಪ್ಪಿದರೆ ಕಾಯಿಲು ಹೊತ್ತುತ್ತದೆ,
ಆ ವಾಸನೆ
ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಎರಡು ಸಲ ಓಡಿಹೋದ.
ಎರಡನೆಯ ಸಲ ವೈರಿನ ಸುರುಳಿಯೂ ಇರಲಿಲ್ಲ.
ನಾನು ಹುಡುಕಲಿಲ್ಲ, ಸುಳ್ಳೇಕೆ, ಸಿಟ್ಟಿತ್ತು.
ಮೂರನೇ ದಿನ ಬಾಗಿಲಲ್ಲಿ ನಿಂತಿದ್ದ,
ಸುರುಳಿ ಹಾಗೇ ಇತ್ತು ಹೆಗಲಲ್ಲಿ.
"ಎಷ್ಟು ಸುತ್ತಿದೆ ಅಂತ ಎಣಿಸ್ತಿದ್ದೆ.
ನೂರಾದ್ಮೇಲೆ ಏನು ಸಾ?"

ಮೊನ್ನೆ ವೇಮಗಲ್ ಕಡೆಯ ಮೋಟಾರು,
ಸಾವಿರದ ಮುನ್ನೂರಡಿಯಿಂದ ಎತ್ತಿ ತಂದದ್ದು,
ಅವನ ಕೈಯಲ್ಲಿ ಗುಂಯ್ ಎಂದಿತು.
ರಿಜಿಸ್ಟರಿನಲ್ಲಿ, 'ಕೆಲಸ ಮಾಡಿದವರು' ಅನ್ನುವ ಕಡೆ,
ಅವನದೇ ಹಳೆಯ ಹೆಬ್ಬೆಟ್ಟುಗಳ ಕೆಳಗೆ
ಪೆನ್ನು ಒತ್ತಿ ಒತ್ತಿ ಬರೆದಿದ್ದಾನೆ: ನಾರೆಪ.

ಒತ್ತು ಬಿಟ್ಟಿದೆ.
ಇರಲಿ, ನಾಳೆ ಹೇಳಿದರಾಯಿತು.