ನಿಂತರೆ ಕತ್ತಲು

ಅರವತ್ತೊಂದು ಇಂಚು.
ಟೊಲೀಡೊದ ಬಸ್ ಡಿಪೋದಲ್ಲಿ ಎರಡು ಚಳಿಗಾಲ
ಓವರ್‌ಟೈಮ್ ದುಡಿದು
ಬ್ರೇಕಿನ ಧೂಳು ಕುಡಿದು ತಂದದ್ದು.
ಹೊತ್ತವರು ನಾಲ್ವರು: ನಾನು, ಪಕ್ಕದ ಮನೆಯ ಡ್ವೇನ್,
ಅವನ ಭಾವಮೈದುನ, ಹೆಸರು ಕೇಳದ ಇನ್ನೊಬ್ಬ.
ಬಾಗಿಲಲ್ಲಿ ಹಿಡಿಸದೆ ಚೌಕಟ್ಟನ್ನೇ ಕಿತ್ತೆವು,
ಒಳಗಿಟ್ಟ ಮೇಲೆ ಮತ್ತೆ ಬಡಿದೆವು.
"ಒಳಗೇನೋ ಬಂತು, ಹೊರಗೆ ಹೋಗೋದು ಹ್ಯಾಗೆ?"
ಅಡುಗೆಮನೆಯ ಬಾಗಿಲಿಗೆ ಒರಗಿ ಕುಮುದ ಕೇಳಿದಳು.
ಡ್ವೇನ್‌ಗೆ ಕನ್ನಡ ಬಾರದು.
ನನಗೂ ಆ ಹೊತ್ತು ಬರಲಿಲ್ಲ.

ಐದು ವರ್ಷದ ಗ್ಯಾರಂಟಿಗೆ ಬೇರೆ ದುಡ್ಡು ಕೇಳಿದ್ದ
ಅಂಗಡಿಯ ಹುಡುಗ.
ಇಷ್ಟು ದಪ್ಪ ಇರೋದು ಕೆಡುತ್ತೇನಯ್ಯಾ ಅಂದಿದ್ದೆ.

ಮೊದಲ ವರ್ಷ ಬೆಣ್ಣೆ.
ಭಾನುವಾರದ ಫುಟ್‌ಬಾಲಿಗೆ ಓಣಿಯೇ ಬಂದು ಕೂತು
ಆಟಗಾರನ ಗಲ್ಲದ ಬೆವರನ್ನೂ ಎಣಿಸಿತು.
ಹದಿನಾಲ್ಕನೆಯ ತಿಂಗಳು
ಬಣ್ಣಗಳು ಬೇರೆ ಸಂಸಾರ ಹೂಡಿದವು.
ವಾರ್ತೆ ಓದುವವಳ ತುಟಿ ಒಂದು ಕಡೆ,
ತುಟಿಯ ಕೆಂಪು ಇನ್ನೊಂದು ಕಡೆ.
ಮನುಷ್ಯನೊಬ್ಬನಿಗೆ ನೆರಳು ಮೂರು.
ರಿಮೋಟು ಹಿಡಿದು ಕೂತೆ ಒಂದು ಇಡೀ ಶನಿವಾರ,
ಕೆಂಪು ಗೀಟನ್ನು ಹಸಿರಿನ ಮೇಲೆ ತಳ್ಳುತ್ತ,
ನೀಲಿಯನ್ನು ರಮಿಸುತ್ತ.
ನಡುವೆ ಕೂಡಿತು ಅಂದರೆ ಮೂಲೆಯಲ್ಲಿ ಮುನಿಸು,
ಮೂಲೆಗೆ ಹೋದರೆ ನಡುವೆ ಬಿರುಕು.

ಬಂದ ಲೆಸ್ಟರ್. ಎದುರಿನ ಹಲಗೆ ಬಿಚ್ಚಿದ.
ಒಳಗೆ,
ಏನೂ ಇಲ್ಲ.
ಸುಗ್ಗಿಗೆ ಮುಂಚಿನ ಕಣಜದ ಹಾಗೆ ಬೋಳು.
ತಳದಲ್ಲಿ ಅಂಗೈಯಗಲದ ಮೂರು ಕಣ್ಣು,
ಹಿಂದೆ ಓರೆಯಾಗಿ ಒಂದು ಕನ್ನಡಿ.
ಐದು ವರ್ಷದ ಹಂಸಿನಿ ತಲೆ ತೂರಿಸಿ
"ಅಪ್ಪಾ, ಇದರಲ್ಲಿ ನಮ್ಮನೆ ಸೂರು ಕಾಣುತ್ತೆ!"
ನೀಲಿ ಕಣ್ಣಿನ ತಂಪಿನ ನೀರು ಸೋರಿ
ಅಂಟಂಟು ಜೇನಾಗಿತ್ತು.
ಲೆಸ್ಟರ್ ಬೆರಳಲ್ಲಿ ಮುಟ್ಟಿ, ಪ್ಯಾಂಟಿಗೆ ಒರೆಸಿ,
ಮುನ್ನೂರ ನಲವತ್ತು ಡಾಲರ್ ಅಂದ.
ಕೊಟ್ಟೆ. ಮರುವರ್ಷ ಮತ್ತೆ ಕೊಟ್ಟೆ.
ಡಿಪೋದಲ್ಲಿ ಕೇಳಿದವರಿಗೆಲ್ಲ ಹೇಳಿದೆ
ಇಂಥ ಚಿತ್ರ ಸಿನಿಮಾ ಮಂದಿರದಲ್ಲೂ ಇಲ್ಲ ಎಂದು.
ಕೊಂಡವನು ಹೊಗಳದೆ ಇನ್ನಾರು ಹೊಗಳಬೇಕು?

ಕುಮುದ ಮಾತ್ರ ಆಗಾಗ:
"ಇಲ್ಲಿಂದ ಬರೀ ಮಸುಕು ಕಣ್ರೀ."
"ಚೆನ್ನಾಗೇ ಇದೆಯಲ್ಲ."
ಅದು ನಾನು. ಸೋಫಾದಿಂದ.
ತಿರುಗಿಯೂ ನೋಡದೆ.

ಅವಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಸಂಜೆಯ ಪಾಳಿ ಬಿದ್ದ
ಮಾರ್ಚಿ ತಿಂಗಳ ಒಂದು ಭಾನುವಾರ.
ಒಗ್ಗರಣೆಗೆ ಎಣ್ಣೆ ಇಟ್ಟು
ಆಟ ಎಲ್ಲಿಗೆ ಬಂತೆಂದು ಬಾಗಿಲಿಗೆ ಬಂದು ನಿಂತೆ.
ಕತ್ತಲು.
ಮೈದಾನದ ಮೇಲೆ ಗ್ರಹಣ ಹಿಡಿದ ಹಾಗೆ.
ಚೆಂಡೊಂದು ಬೂದಿಯ ಉಂಡೆ, ಆಡುವವರು ಹೊಗೆ.
ಮತ್ತೆ ಕೆಟ್ಟಿತಪ್ಪಾ ಎಂದು ಓಡಿ ಸೋಫಾಕ್ಕೆ ಕೂತರೆ
ಧಗ್ಗೆಂದು ಹಸಿರು, ಗರಿಕೆ ಗರಿಕೆಯೂ ಬೇರೆ ಬೇರೆ.
ಎದ್ದು ಬಾಗಿಲಿಗೆ ಬಂದೆ. ಕತ್ತಲು.
ಅಲ್ಲೇ ಮಂಡಿ ಮಡಿಸಿದೆ. ಬೆಳಕು.
ನಿಂತೆ. ಕತ್ತಲು.

ಕೂತವರಿಗೆಂದೇ ಮಾಡಿದ ಪರದೆ.

ಆ ಹೊಸಿಲಲ್ಲಿ ಅವಳು
ಸೌಟು ಹಿಡಿದು, ಮಗುವನ್ನು ಸೊಂಟಕ್ಕೆ ಹಿಡಿದು,
ನಾವು ಹೋ ಎಂದಾಗ "ಏನಾಯ್ತು?" ಎಂದು
ಎಷ್ಟು ಭಾನುವಾರ ಇಣುಕಿದ್ದಳೋ.

ಎಷ್ಟು ಸಲ ಕೂತು ಎದ್ದೆನೋ ಲೆಕ್ಕವಿಲ್ಲ,
ಮೇಷ್ಟ್ರ ಮುಂದೆ ಬಸ್ಕಿ ಹೊಡೆವ ಹುಡುಗನ ಹಾಗೆ.
ಒಲೆಯ ಮೇಲೆ ಸಾಸಿವೆ ಸಿಡಿದು, ಕರಕಾಗಿ, ಕಮರಿ,
ಹೊಗೆಯ ಅಲಾರಂ ಕೂಗುವ ಹೊತ್ತಿಗೆ
ಬೂಟಿನ ಹಿಮ ಒದರುತ್ತ ಕುಮುದ ಒಳಗೆ ಬಂದಳು.

"ಏನ್ರೀ ಮಾಡ್ತಿದೀರ?"

"ಟಿವಿ ರಿಪೇರಿ" ಅಂದೆ,
ಅರ್ಧ ಕೂತಲ್ಲೇ.