ಇಲ್ಲದ ಬೆರಳು

ಕಾಗದದ ಮೇಲೊಂದು ಮನುಷ್ಯಾಕೃತಿ,
ಮುಂದಿನಿಂದ ಒಂದು ಚಿತ್ರ, ಹಿಂದಿನಿಂದ ಒಂದು,
ಬೋಳು ತಲೆ, ಮುಖವಿಲ್ಲ, ಕಾಲು ಎರಡೂ ಇವೆ.
ನೋವಿದ್ದಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಬೇಕು.

ಅಡಿವೆಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ
'ಈ ಮನಷ್ಯಾಗ ಎರಡೂ ಕಾಲ ಅದಾವಲ್ರೀ' ಅಂದರು.
ಅವರಿಗೆ ಒಂದೇ. ಇನ್ನೊಂದು
ಸಿಮೆಂಟ್ ಫ್ಯಾಕ್ಟರಿಯ ವ್ಯಾಗನ್ನಿನಡಿ ಹೋಗಿ ಇಪ್ಪತ್ತಾರು ವರ್ಷ.
ನೋಯುವುದು ಆ ಕಾಲಿನ ಕಿರುಬೆರಳು,
ಅಮಾಸಿ ಹತ್ತಿರ ಬಂತೆಂದರೆ
ಯಾರೋ ಇಕ್ಕಳದಲ್ಲಿ ಹಿಡಿದು ತಿರುವಿದ ಹಾಗೆ.

ಟ್ರೇನಿಂಗಿನಲ್ಲಿ ಕಲಿಸಿದಂತೆ ಕೇಳಿದೆ:
ಸೊನ್ನೆಯಿಂದ ಹತ್ತರೊಳಗೆ ಎಷ್ಟು? ಹತ್ತೆಂದರೆ
ನೀವು ಊಹಿಸಬಹುದಾದ ಅತಿ ದೊಡ್ಡ ನೋವು.
'ನಾ ಯಾಕ್ರಿ ಊಹಾ ಮಾಡ್ಲಿ?
ಊಹಾ ಮಾಡಾವ್ರು ದಿಲ್ಲ್ಯಾಗ ಅದಾರಲ್ಲ.'

ದಿಲ್ಲಿಯವರು ಊಹಿಸಿದ್ದು ಇಷ್ಟು:
ಹನ್ನೆರಡು ಜಿಲ್ಲೆ, ನಲವತ್ತು ಸಾವಿರ ಜನ,
ತಲಾ ಮೂರು ಟ್ಯೂಬು ರಕ್ತ,
ಬೇನೆಯ ಬೇರು ಯಾವ ಜೀನಿನಲ್ಲಿದೆ ಎಂದು ತಿಳಿಯಲು
ಐದು ವರ್ಷ, ನಾಲ್ಕು ಕಂತು.
ಎರಡು ಬಂದಿವೆ. ಮೂರನೆಯದು
ಬಳಕೆ ಪ್ರಮಾಣಪತ್ರದ ಒಂದು ಸಹಿಗಾಗಿ
ಯಾರದೋ ಮೇಜಿನ ಮೇಲೆ ಕೂತಿದೆ.
ನನ್ನ ಪಗಾರವೂ ಅದರ ಮಗ್ಗುಲಲ್ಲೇ.

ಕಾಗದದಲ್ಲಿ ನೋವಿಗೆ ಆರೇ ಬಗೆ.
ಇಲ್ಲಿನ ಜನ ಕೊಡುವುದು ಬೇರೆ:
ಚಳಕು, ಸೆಳವು, ಜೋಮು,
ಇರವಿ ಹರದಾಡಿದಂಗ, ಹಸಿ ಗಾಯದಾಗ ಖಾರ ಇಟ್ಟಂಗ.
ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ದಾವಲಬಿ ಅಂದಳು:
'ಅದಕ್ಕ ಹೆಸರಿಲ್ಲವಾ,
ಅದ ನನ್ನ ಹೆಸರ ಹಿಡದು ಕರೀತದ.'
ಎಲ್ಲವನ್ನೂ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆಯುತ್ತೇನೆ.
ಕಂಪ್ಯೂಟರು ಅಂಚನ್ನು ಓದುವುದಿಲ್ಲ.

ಸೂಜಿ ಕಂಡು ಅಡಿವೆಪ್ಪ ತೋಳು ಹಿಂದಕ್ಕೆಳೆದರು:
'ಹಿಂದಕೊಮ್ಮೆ ಸರಕಾರದವ್ರು ಅಳಿಯಾಕ ಬಂದಿದ್ರು,
ಟೇಪ ಹಿಡಕೊಂಡು. ಪಡಸಾಲಿ ಇಷ್ಟು, ಹಗೇವು ಇಷ್ಟು,
ಹಿತ್ತಲದಾಗಿನ ಬೇವಿನ ಗಿಡಕ್ಕ ಇಷ್ಟು.
ಅಳದ ಮ್ಯಾಲ ನೀರು ಬಂತು.
ಈಗ ಸೂಜಿ ತಂದೀರಿ. ಇದನ್ನೂ ಅಳೀರಿ.
ಆಮ್ಯಾಲ ಎಲ್ಲಿ ಮುಳಗಸ್ತೀರಿ?'

ನವನಗರದ ಆ ಸೆಕ್ಟರಿನ ಕಟ್ಟೆಯ ಮೇಲೆ
ನನಗೆ ಉತ್ತರ ಹೊಳೆಯಲಿಲ್ಲ.
ಒಪ್ಪಿಗೆ ಪತ್ರದ ಒಂಬತ್ತನೇ ಕಲಮು ಓದಿದೆ:
ಇದರಿಂದ ನಿಮಗೆ ನೇರ ಲಾಭವಿರುವುದಿಲ್ಲ.
ನಕ್ಕುಬಿಟ್ಟರು. 'ಇದೊಂದು ಖರೇ ಬರದಾರ ನೋಡ್ರಿ'
ಅಂದು ತೋಳು ಚಾಚಿದರು.

ಆಮೇಲೆ ಪೆನ್ನು ತಾವೇ ತಗೊಂಡು
ಎಡಗಾಲ ಕಿರುಬೆರಳಿಗೆ ಒಂದು ಚುಕ್ಕಿ ಇಟ್ಟರು.
ಇನ್ನೊಂದು ಚುಕ್ಕಿ, ಮೈಯ ಗೆರೆ ದಾಟಿ,
ಖಾಲಿ ಬಿಳುಪಿನಲ್ಲಿ.
ಇದು?
'ಹೊಳ್ಯಾಗ ಐತಿ. ಬ್ಯಾಸಗ್ಯಾಗ ನೀರ ಇಳದ್ರ
ಹೊಸ್ತಲಾ ಕಾಣ್ತದ. ಆವಾಗ ಭಾಳ.'

ಇವತ್ತು ಕರೆಂಟು ಹೋಗಿ ಒಂದೂವರೆ ತಾಸು.
ಡೀಸೆಲ್ಲಿಗೆ ನಾನೇ ಆರುನೂರು ಕೊಟ್ಟೆ, ರಸೀದಿ ಇಟ್ಟಿದ್ದೇನೆ.
ತರಲು ಹೋದ ಹುಡುಗ ಇನ್ನೂ ಬಂದಿಲ್ಲ.
ಫ್ರೀಜರಿನ ಕೆಂಪು ಅಂಕಿ ಮೈನಸ್ ಎಂಬತ್ತು ಬಿಟ್ಟು
ಎಪ್ಪತ್ತೊಂದು, ಅರವತ್ತೆಂಟು.
ಒಳಗೆ ಸಾವಿರದ ನೂರ ನಲವತ್ತು ಜನ
ಹೆಸರು ಕಳಚಿ, ನಂಬರು ಅಂಟಿಸಿಕೊಂಡು
ಕತ್ತಲಲ್ಲಿ ಸಾಲಾಗಿ ನಿಂತಿದ್ದಾರೆ.

ಬೆಳಿಗ್ಗೆ ಹಾಲಿನಂಗಡಿಯ ಹತ್ತಿರ ಸಿಗುತ್ತಾರೆ,
ಊರುಗೋಲಿಗೆ ಒರಗಿ, ದಿನಾ ಅದನ್ನೇ ಕೇಳುತ್ತಾರೆ:
'ಸಿಕ್ತೇನ್ರಿ ಬಾಯಾರ, ನನ್ನ ಬೆರಳು?'
ಇನ್ನೂ ಇಲ್ರಿ, ಹುಡುಕಾಕತ್ತೀವಿ.
'ಹುಡಕ್ರಿ. ಉಗರ ತಗದಿಲ್ಲ ಅದಕ, ಜ್ವಾಕಿ.'